ಆಯ್ಕೆ ಮಾಡಿದವರೇ ಓದತಕ್ಕದ್ದು

ವಿದ್ಯಾರ್ಥಿಗಳು ತರಗತಿಯಲ್ಲಿ ತೂಕಡಿಸುವುದಕ್ಕೆ ಕಾರಣ, ಅವರ ವಿಷಯವನ್ನು ಆಯ್ಕೆ ಮಾಡಿದವರು ಆ ಹೊತ್ತಿನಲ್ಲಿ ಮನೆಯಲ್ಲಿ ಎಚ್ಚರವಾಗಿರುವುದು. ವಿಶ್ವವಿದ್ಯಾಲಯವು ನೇಮಿಸಿದ್ದ ತೂಕಡಿಕೆ ವಿಚಾರಣಾ ಸಮಿತಿಯು ಬಹುಕಾಲ ಕೂತು, ಎದ್ದು, ಮತ್ತೆ ಕೂತು ಈ ಸತ್ಯವನ್ನು ಕಂಡುಹಿಡಿಯಿತು. ಮರುದಿನವೇ ಮುಖ್ಯದ್ವಾರದಲ್ಲಿ ಪ್ರಕಟಣೆ ಅಂಟಿಸಲಾಯಿತು:

“ಈ ಮೂಲಕ ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ವ್ಯಾಸಂಗದ ವಿಷಯವನ್ನು ಯಾರು ಆಯ್ಕೆ ಮಾಡುತ್ತಾರೋ ಅವರೇ ಅದನ್ನು ಓದತಕ್ಕದ್ದು. ಆಯ್ಕೆಯ ಕಾಲದಲ್ಲಿ ಬಾಯಿ ತೆರೆಯದೆ ಪಕ್ಕದಲ್ಲಿ ನಿಂತವರನ್ನು ಪೋಷಕರೆಂದು ಪರಿಗಣಿಸಲಾಗುವುದು.”

ಪ್ರಕಟಣೆಯನ್ನು ಮಕ್ಕಳೆಲ್ಲ ಓದಿದರು. ತಂದೆತಾಯಿಗಳು ಓದಲಿಲ್ಲ. ಓದುವುದು ಮಕ್ಕಳ ಕೆಲಸವೆಂಬ ತಿಳಿವಳಿಕೆ ಅವರಲ್ಲಿ ಮೊದಲಿನಿಂದಲೂ ಇತ್ತು.

ಕನ್ನಡಕದಂಗಡಿಯ ಯಜಮಾನರು ಮಗಳನ್ನು ಸೇರಿಸಲು ಬಂದದ್ದು ಇಂಥ ದಿನಗಳಲ್ಲೇ. ಯಜಮಾನರು ಒಳ್ಳೆಯ ಮನುಷ್ಯ, ಯಾರಿಗೂ ಕೇಡು ಬಗೆದವರಲ್ಲ. ಪ್ರಶ್ನೆಯನ್ನು ಯಾರು ಯಾರಿಗೇ ಕೇಳಲಿ, ಉತ್ತರ ತಾವೇ ಹೇಳುವ ಒಂದು ಅಭ್ಯಾಸವಿತ್ತು, ಅಷ್ಟೆ. ಅಂಗಡಿಗೆ ಬಂದವರ ಮೂಗಿನ ಮೇಲೆ ಗಾಜು ಕೂರಿಸಿ “ಈಗ ಹೇಗೆ ಕಾಣ್ತಿದೆ?” ಎಂದು ಕೇಳುವರು, ಅವರು ಕಣ್ಣು ಕಿರಿದು ಮಾಡಿ ನೋಡುವಷ್ಟರಲ್ಲಿ “ಚೆನ್ನಾಗಿ ಕಾಣ್ತಿದೆ” ಎಂದು ತಾವೇ ಹೇಳಿ ಡಬ್ಬಿ ಕೈಗಿಡುವರು. ಇಷ್ಟು ಖಚಿತವಾಗಿ ಹೇಳುವವರ ಎದುರಿಗೆ ಕಾಣುತ್ತಿಲ್ಲ ಅನ್ನುವುದು ಹೇಗೆಂದು ಗಿರಾಕಿಗಳು ಸುಮ್ಮನೆ ಬಾಗಿಲು ತಡಕಿಕೊಂಡು ಹೊರಡುತ್ತಿದ್ದರು. ಮಗಳು ಚಿಕ್ಕವಳಿದ್ದಾಗ ಡಾಕ್ಟರು “ಎಲ್ಲಿ ನೋವು ಕಂದಾ?” ಎಂದು ಕೇಳಿದರೆ “ಹೊಟ್ಟೆ ಡಾಕ್ಟ್ರೇ” ಎಂದವರು ಯಜಮಾನರು. ನೋವಿದ್ದದ್ದು ಕಿವಿಯಲ್ಲಿ. ಹೊಟ್ಟೆಯ ಔಷಧ ಕುಡಿದ ಮೇಲೆ ಕಿವಿ ತಾನಾಗಿಯೇ ವಾಸಿಯಾದದ್ದರಿಂದ, ಅಭ್ಯಾಸವನ್ನು ಬಿಡುವ ಅಗತ್ಯ ಬೀಳಲಿಲ್ಲ.

“ಅವಳಿಗೂ ಒಂದು ಬಾಯಿ ಅಂತ ಇದೆ ರೀ,” ಎಂದು ಹೆಂಡತಿ ಆಗಾಗ ನೆನಪಿಸುತ್ತಿದ್ದರು.

“ಇದೆ ಕಣೇ. ಪಾಪ, ಅದಕ್ಯಾಕೆ ಸುಮ್ನೆ ತೊಂದ್ರೆ?” ಎನ್ನುತ್ತಿದ್ದರು ಯಜಮಾನರು. ಇದನ್ನು ಅವರು ಪ್ರೀತಿಯಿಂದಲೇ ಹೇಳುತ್ತಿದ್ದರು. ತೊಂದರೆ ಇದ್ದದ್ದು ಅಲ್ಲೇ.

ಮಗಳಿಗೆ ಕಲ್ಲೆಂದರೆ ಜೀವ. ದಾರಿಯಲ್ಲಿ ಸಿಕ್ಕಿದ್ದನ್ನು ತೊಳೆದು, ಅಂಗಡಿಯ ಭೂತಗನ್ನಡಿ ಹಿಡಿದು, ಕಿಟಕಿಯ ಹತ್ತಿರ ಗಂಟೆಗಟ್ಟಲೆ ಕೂರುವಳು. ಭೂಗರ್ಭಶಾಸ್ತ್ರ ಓದಬೇಕೆಂಬುದು ಅವಳ ಆಸೆ. ಹೇಳಲು ಪ್ರಯತ್ನಿಸಲಿಲ್ಲವೆಂದಲ್ಲ. “ಅಪ್ಪಾ, ನಂಗೆ...” ಎಂದು ಶುರು ಮಾಡುತ್ತಿದ್ದಂತೆ, “ಲೆಕ್ಕಶಾಸ್ತ್ರ ಇಷ್ಟ, ನಂಗೊತ್ತಿಲ್ವಾ ಪುಟ್ಟಾ?” ಎಂದು ಯಜಮಾನರು ಬೆನ್ನು ತಟ್ಟಿ ಎದ್ದುಹೋಗುತ್ತಿದ್ದರು.

ಪ್ರವೇಶ ವಿಭಾಗದ ಕೌಂಟರಿನಲ್ಲಿದ್ದ ಮೇಡಂ ನಿಯಮ ಬಲ್ಲವರು. ಮಗಳ ಮುಖವನ್ನೇ ನೋಡಿ ಕೇಳಿದರು:

“ಏನು ಓದ್ಬೇಕೂಂತ ಇದ್ದೀಯಮ್ಮ?”

“ಲೆಕ್ಕಶಾಸ್ತ್ರ,” ಎಂದರು ಯಜಮಾನರು.

“ಯಾಕೆ ಅದೇ?”

“ಚಿಕ್ಕಂದಿನಿಂದ ಆಸೆ ಮೇಡಂ.”

“ಹಾಸ್ಟೆಲ್ ಬೇಕಾಗುತ್ತಾ?”

“ಅಯ್ಯೋ, ಬೇಡ. ಮನೆ ಊಟ ಇಲ್ದಿದ್ರೆ ಒಂದು ದಿನಾನೂ ಆಗಲ್ಲ.”

“ಅಭಿನಂದನೆಗಳು,” ಎಂದು ಮೇಡಂ ಕ್ಯಾಮೆರಾವನ್ನು ಯಜಮಾನರ ಕಡೆ ತಿರುಗಿಸಿದರು. “ಇಲ್ಲಿ ನೋಡಿ. ಗದ್ದ ಸ್ವಲ್ಪ ಮೇಲೆ.” ಗುರುತಿನ ಚೀಟಿ ಬಿಸಿಬಿಸಿಯಾಗಿ ಹೊರಬಂತು, ಕೊರಳಿಗೂ ಬಿತ್ತು. “ನಾಳೆ ಬೆಳಗ್ಗೆಯಿಂದ ತರಗತಿ. ತಡ ಮಾಡಿದ್ರೆ ಪೋಷಕರನ್ನ ಕರೆಸ್ಬೇಕಾಗುತ್ತೆ.” ಆಮೇಲೆ ಮಗಳ ಕಡೆ ಬಾಗಿ, ದನಿ ತಗ್ಗಿಸಿ, “ಮನೇಲಿ ಸ್ವಲ್ಪ ಗಮನ ಇಟ್ಟಿರಿಮ್ಮ. ಈ ವಯಸ್ಸೇ ಒಂಥರಾ,” ಎಂದರು.

ಯಜಮಾನರು ಕಕ್ಕಾಬಿಕ್ಕಿಯಾಗಿ, ಮಗಳ ಕೈ ಹಿಡಿದು ನೇರ ಕುಲಸಚಿವರ ಕೊಠಡಿಗೆ ನುಗ್ಗಿದರು.

“ಸಾರ್, ಎಲ್ಲೋ ತಪ್ಪಾಗಿದೆ. ಓದ್ಬೇಕಾದೋಳು ಇವಳು.”

“ತಪ್ಪಾಗಿದ್ರೆ ತಿದ್ದೋಣ,” ಎಂದರು ಕುಲಸಚಿವರು. “ಅವಳೇ ಹೇಳಲಿ. ಏನಮ್ಮ, ಏನು ಓದ್ಬೇಕು ನೀನು?”

ಮಗಳು ಉಸಿರೆಳೆದುಕೊಂಡಳು. ಬಾಯಿ ತೆರೆದಳು.

“ಹೇಳು ಪುಟ್ಟಾ, ಹೆದರ್ಬೇಡ,” ಎಂದರು ಯಜಮಾನರು. “ಲೆಕ್ಕಶಾಸ್ತ್ರ ಅನ್ನು.”

ಕುಲಸಚಿವರು ಎದ್ದು ನಿಂತು ಯಜಮಾನರ ಕೈ ಕುಲುಕಿದರು. “ಕೇಳಿದ ಎರಡೂ ಸಲ ಇಷ್ಟು ದೃಢವಾಗಿ ಹೇಳಿದವರು ಈ ವರ್ಷ ಬೇರೆ ಯಾರೂ ಇಲ್ಲ. ನಿಮ್ಮನ್ನ ಪ್ರತಿಭಾವಂತರ ವಿಭಾಗಕ್ಕೆ ಹಾಕ್ತೇನೆ.”

ತರಗತಿಗೆ ಹೋದ ಮೇಲೆ ಯಜಮಾನರಿಗೆ ತಾವೊಬ್ಬರೇ ಅಲ್ಲವೆಂಬ ಸಮಾಧಾನ ಸಿಕ್ಕಿತು. ಇಂಜಿನಿಯರಿಂಗ್ ಕಟ್ಟಡದ ತುಂಬ ಸೋದರಮಾವಂದಿರು. ವೈದ್ಯಕೀಯದಲ್ಲಿ, ನಮ್ಮ ವಂಶಕ್ಕೊಬ್ಬ ಡಾಕ್ಟರು ಬೇಕು ಎಂದು ಹಟ ಹಿಡಿದಿದ್ದ ಅಜ್ಜಿಯರು. ಒಬ್ಬೊಬ್ಬರಿಗೂ ಮಂಡಿನೋವು ಇದ್ದದ್ದರಿಂದ ಪ್ರಾಯೋಗಿಕ ಪಾಠಕ್ಕೆ ರೋಗಿಗಳನ್ನು ಹೊರಗಿನಿಂದ ತರಿಸುವ ಖರ್ಚು ಉಳಿಯಿತೆಂದು ವಿಶ್ವವಿದ್ಯಾಲಯವು ಹರ್ಷ ವ್ಯಕ್ತಪಡಿಸಿತು. ಕೇಳದಿದ್ದರೂ ಬಂದು ಸಲಹೆ ಕೊಟ್ಟಿದ್ದ ಅಕ್ಕಪಕ್ಕದ ಮನೆಯವರನ್ನು ಅಂಚೆ ಶಿಕ್ಷಣಕ್ಕೆ ಸೇರಿಸಿಕೊಳ್ಳಲಾಯಿತು.

ಮೊದಮೊದಲು ಯಜಮಾನರು ತರಗತಿಯಲ್ಲಿ ಮಿಂಚಿದರು. ಮೇಷ್ಟ್ರು ಯಾರನ್ನು ಕೇಳಿದರೂ ಇವರೇ ಉತ್ತರಿಸುತ್ತಿದ್ದರು. ಉತ್ತರಗಳು ತಪ್ಪಿರುತ್ತಿದ್ದವು, ಆದರೆ ಉತ್ಸಾಹದಲ್ಲಿ ಲೋಪವಿರಲಿಲ್ಲ. ಬರಬರುತ್ತ ಮೇಷ್ಟ್ರ ದನಿ ಎಲ್ಲೋ ದೂರದಿಂದ ಬಂದಂತೆ ಕೇಳತೊಡಗಿತು. ಒಂದು ಮಧ್ಯಾಹ್ನ ಗೊರಕೆಯ ಸದ್ದಿಗೆ ಬೆಚ್ಚಿ ಎದ್ದು ನೋಡಿದರೆ, ಗೊರಕೆ ತಮ್ಮದೇ. ಸುತ್ತಮುತ್ತಲಿನ ಬೆಂಚುಗಳಲ್ಲಿದ್ದವರೆಲ್ಲ ಒರಗಿದ್ದರು. ಆಯ್ಕೆ ಮಾಡಿದವರೂ ಏಕೆ ತೂಕಡಿಸುತ್ತಾರೆಂದು ವಿಚಾರಿಸಲು ಹಳೆಯ ಸಮಿತಿಯನ್ನೇ ಮತ್ತೆ ನೇಮಿಸಲಾಯಿತು.

ಇತ್ತ ಅಂಗಡಿಯ ಗಲ್ಲಾಪೆಟ್ಟಿಗೆಯ ಬಳಿ ತಾಯಿ, ಗಾಜಿನ ಹತ್ತಿರ ಮಗಳು. “ಹೇಗೆ ಕಾಣ್ತಿದೆ?” ಎಂದು ಕೇಳಿ ಅವಳು ಕಾಯುತ್ತಿದ್ದಳು. ಮುಂದಿನ ಮಾತು ಗೊತ್ತಿಲ್ಲದೆ ಗಿರಾಕಿಗಳು ಅತ್ತಿತ್ತ ನೋಡುತ್ತಿದ್ದರು. ಒಬ್ಬ ಮುದುಕ ದರ್ಜಿ ಬಹಳ ಹೊತ್ತು ಗೋಡೆಯ ಅಕ್ಷರಗಳನ್ನೇ ದಿಟ್ಟಿಸಿ, ಅಪರಾಧ ಮಾಡಿದವನಂತೆ, “ಮಸುಕಾಗಿದೆ ಕಣವ್ವ,” ಎಂದ. ಆ ಅಂಗಡಿಯಲ್ಲಿ ಇಂಥ ಮಾತು ಯಾರೂ ಆಡಿದ್ದಿಲ್ಲ.

ಹೀಗಿರುವಾಗ ಎರಡನೆಯ ಪ್ರಕಟಣೆ ಹೊರಟಿತು. ಭೂಗರ್ಭಶಾಸ್ತ್ರವನ್ನು ಯಾವ ಮನೆಯ ಹಿರಿಯರೂ ಆಯ್ಕೆ ಮಾಡಿರಲಿಲ್ಲ. ಆ ವಿಭಾಗದಲ್ಲಿ ಒಬ್ಬ ಪ್ರಾಧ್ಯಾಪಕರು, ಕಪಾಟಿನ ತುಂಬ ಕಲ್ಲುಗಳು ಇದ್ದವೇ ಹೊರತು ವಿದ್ಯಾರ್ಥಿಯಿರಲಿಲ್ಲ. “ಬರುವ ಶನಿವಾರದೊಳಗೆ ಒಬ್ಬರಾದರೂ ಸೇರದಿದ್ದಲ್ಲಿ ವಿಭಾಗವನ್ನು ಕಾಯಂ ಆಗಿ ಮುಚ್ಚಿ, ಕೊಠಡಿಯನ್ನು ಪೋಷಕರ ವಿಶ್ರಾಂತಿಗೆ ಬಿಟ್ಟುಕೊಡಲಾಗುವುದು. ಸೇರುವವರು ಮನೆಯವರೊಬ್ಬರನ್ನು ಕಡ್ಡಾಯವಾಗಿ ಕರೆತರತಕ್ಕದ್ದು.”

ಮಗಳು ಅದನ್ನು ಓದಿ ಬಂದು ತಾಯಿಗೆ ಹೇಳಿದಳು. ತಾಯಿ ಊಟದ ಹೊತ್ತಿಗೆ ಗಂಡನಿಗೆ ಹೇಳಿದರು.

“ಕಲ್ಲು ಓದ್ತಾಳಂತಾ?” ಯಜಮಾನರ ಕೈ ತಟ್ಟೆಯಲ್ಲೇ ನಿಂತಿತು. “ನಂಗ್ಯಾಕೆ ಹೇಳ್ಲಿಲ್ಲ?”

“ಹೇಳೋಕೆ ನೀವು ಸಂದು ಬಿಟ್ಟಿದ್ದು ಯಾವಾಗ?”

ಯಜಮಾನರಿಗೆ ನಿಜವಾಗಿಯೂ ನೋವಾಯಿತು. ತಿಂಗಳುಗಟ್ಟಲೆ ಬೇಡದ ಪಾಠ ಕೇಳಿ ಬೆಂದವರಿಗೆ, ಮಗಳನ್ನು ಅದೇ ಬೆಂಚಿಗೆ ದೂಡಲು ಹೊರಟಿದ್ದೆನಲ್ಲ ಎನ್ನಿಸಿತು. “ಶನಿವಾರ ನಾನೇ ಜೊತೆಗೆ ಹೋಗ್ತೀನಿ. ತುಟಿ ಪಿಟಕ್ಕೆನ್ನಲ್ಲ,” ಎಂದರು. ಹೆಂಡತಿ ನಂಬಲಿಲ್ಲ. ನಿಜ ಹೇಳಬೇಕೆಂದರೆ ಅವರೂ ತಮ್ಮನ್ನು ನಂಬಲಿಲ್ಲ. ಆದ್ದರಿಂದ ಶನಿವಾರ ಕುಲಸಚಿವರ ಕೊಠಡಿಯ ಹೊರಗಿನ ನಲ್ಲಿಯಲ್ಲಿ ಬಾಯಿ ತುಂಬ ನೀರು ತುಂಬಿಕೊಂಡೇ ಒಳಗೆ ಬಂದರು.

“ಏನಮ್ಮ, ಏನು ಓದ್ಬೇಕು?” ಎಂದು ಕುಲಸಚಿವರು ಕೇಳಿದರು.

ಇಷ್ಟು ದೊಡ್ಡ ಸಂದು ಮಗಳಿಗೆ ಹುಟ್ಟಿದಾರಭ್ಯ ಸಿಕ್ಕಿರಲಿಲ್ಲ. ಅದರೊಳಗೆ ಹೇಗೆ ಕಾಲಿಡುವುದೆಂದು ತಿಳಿಯದೆ, ರೂಢಿಯಂತೆ ಅಪ್ಪನ ಕಡೆ ತಿರುಗಿದಳು. ಅಪ್ಪನ ಕೆನ್ನೆ ಉಬ್ಬಿತ್ತು. ಕಣ್ಣಲ್ಲಿ ನೀರಾಡುತ್ತಿತ್ತು. ಉಗುಳುವಂತಿಲ್ಲ, ನುಂಗುವಂತಿಲ್ಲ. ಎಲ್ಲಿ ಕಣ್ಣೇ ಉತ್ತರ ಹೇಳಿಬಿಡುತ್ತದೋ ಎಂದು ಹೆದರಿ ಸೂರು ನೋಡತೊಡಗಿದರು.

“ಇಲ್ಲಾಂದ್ರೆ ಬೀಗ ಹಾಕಿಸ್ಬೇಕಾಗುತ್ತೆ,” ಎಂದು ಕುಲಸಚಿವರು ಗಡಿಯಾರ ನೋಡಿದರು.

“ಭೂಗರ್ಭಶಾಸ್ತ್ರ,” ಎಂದಳು ಮಗಳು.

“ಯಾಕೆ?”

“ಸಾರ್, ನಿಮ್ಮ ಬಾಗಿಲ ಮುಂದೆ ಮೆಟ್ಟಿಲು ಇದೆಯಲ್ಲ, ಅದರ ಕಲ್ಲಲ್ಲಿ ಚಿಪ್ಪಿನ ಗುರುತಿದೆ. ಅಂದ್ರೆ ಆ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳದಲ್ಲಿತ್ತು. ಅದರ ಮೇಲೆ ಎಲ್ರೂ ಚಪ್ಪಲಿ ಬಿಡ್ತಾರೆ, ಯಾರೂ ನೋಡಲ್ಲ. ಅದು ಅಲ್ಲಿಂದ ಇಲ್ಲೀತನಕ ಹೇಗೆ ಬಂತೂಂತ ನಂಗೆ ತಿಳ್ಕೋಬೇಕು.” ಅಷ್ಟಕ್ಕೇ ನಿಲ್ಲಿಸಲಿಲ್ಲ. ಮನೆಯ ಕಿಟಕಿಯಲ್ಲಿಟ್ಟ ಕಲ್ಲುಗಳ ಬಣ್ಣ, ಪದರ, ತೂಕ ಎಲ್ಲ ಹೇಳಿದಳು, ಕೈಯಾಡಿಸಿ ಹೇಳಿದಳು, ನಡುವೆ ಒಮ್ಮೆ ನಕ್ಕಳು ಕೂಡ. ಮಗಳ ದನಿ ಇಷ್ಟು ಉದ್ದವಿದೆಯೆಂದು ಯಜಮಾನರಿಗೆ ಗೊತ್ತೇ ಇರಲಿಲ್ಲ. ಕೇಳುತ್ತ ಕೇಳುತ್ತ ಬಾಯಿಯ ನೀರನ್ನು ಯಾವಾಗ ನುಂಗಿದರೋ ಅದೂ ತಿಳಿಯಲಿಲ್ಲ.

ಬಾಗಿಲ ಮರೆಯಲ್ಲಿ ನಿಂತಿದ್ದ ಭೂಗರ್ಭಶಾಸ್ತ್ರದ ಪ್ರಾಧ್ಯಾಪಕರು ಕಲ್ಲುಗಳ ಧೂಳು ಒರೆಸಲು ಓಡಿದರು.

“ಆಯ್ತು, ಸೇರಿಸ್ಕೊಂಡಿದ್ದೇವೆ,” ಎಂದ ಕುಲಸಚಿವರು ಯಜಮಾನರ ಕಡೆ ತಿರುಗಿದರು. “ನಿಮ್ಮದೇನು? ವಿಷಯ ಬದಲಾಯಿಸೋದಕ್ಕೂ ಇವತ್ತೇ ಕೊನೆ. ಲೆಕ್ಕಶಾಸ್ತ್ರ ಬೇಡವಾದ್ರೆ, ಬೇರೆ ಏನು ಓದೋಕೆ ಆಸೆ ನಿಮಗೆ?”

ಬಾಯಿ ಖಾಲಿಯಿತ್ತು, ನಾಲಿಗೆಗೆ ಅಡ್ಡಿಯಿರಲಿಲ್ಲ. ಮಗಳೂ ನಡುವೆ ಬಾಯಿ ಹಾಕದೆ ಕಾಯುತ್ತಿದ್ದಳು. ಯಜಮಾನರು ಯೋಚಿಸಿದರು. ಊರಿನವರ ಕಣ್ಣಿಗೆ, ಮಗಳ ಕಿವಿಗೆ, ಹೆಂಡತಿಯ ಮನಸ್ಸಿಗೆ ಎಲ್ಲಕ್ಕೂ ಉತ್ತರ ಹೇಳಿದ್ದ ಅವರು ಒಳಗೆಲ್ಲ ತಡಕಾಡಿದರು. ಈ ಪ್ರಶ್ನೆಯನ್ನು ಅವರ ಅಪ್ಪನೂ ಅವರಿಗೆ ಕೇಳಿರಲಿಲ್ಲ.

“ಗೊತ್ತಿಲ್ಲ ಸಾರ್,” ಎಂದರು.

ಕುಲಸಚಿವರಿಗೆ ಆಶ್ಚರ್ಯವೇನೂ ಆಗಲಿಲ್ಲ. “ಪರವಾಗಿಲ್ಲ, ಅದಕ್ಕೂ ನಿಯಮ ಇದೆ. ಯೋಚಿಸೋದಕ್ಕೆ ಮೂರು ವರ್ಷ ಕಾಲಾವಕಾಶ ಕೊಡ್ತೇವೆ. ಅಲ್ಲೀತನಕ ಲೆಕ್ಕಶಾಸ್ತ್ರದಲ್ಲೇ ಕೂತಿರಿ. ಅಲ್ಲಿರೋರು ಮುಕ್ಕಾಲು ಪಾಲು ಯೋಚಿಸ್ತಾನೇ ಕೂತಿರೋದು. ಕೊನೇಲಿ ಪದವೀನೂ ಕೊಡ್ತೇವೆ.”

“ಸರಿ ಸಾರ್,” ಎಂದರು ಯಜಮಾನರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವರು ಚೀಲವನ್ನು ಹೆಗಲಿಗೇರಿಸಿಕೊಂಡು, ಪೋಷಕರಾದ ಮಗಳಿಗೆ ಹೇಳಿ, ತರಗತಿಗೆ ಹೋದರು.