ಇವರದ್ದು, ಅವರದ್ದು

ಅಕ್ಕನ ಕೈಗೆ ಕತ್ತರಿ ಕೊಡಬಾರದು. ಕೊಟ್ಟರೆ ಮನೆಯಲ್ಲಿ ಬಟ್ಟೆ ಅಂತ ಇದ್ದದ್ದು ಇದ್ದ ಹಾಗೆ ಇರುವುದಿಲ್ಲ. ಇದು ತಂಗಿಯ ದೂರು. (ತಂಗಿ ಅಂದರೆ ಎರಡು ಜಡೆಯ ಹುಡುಗಿ ಅಂದುಕೊಳ್ಳಬೇಡಿ. ತಲೆ ಪೂರಾ ಬೆಳ್ಳಗಾಗಿದೆ. ಅಕ್ಕ ಇರುವ ತನಕ ತಂಗಿ ತಂಗಿಯೇ.)

ತಂಗಿಯ ಗಂಡ ಬಸ್ ಡ್ರೈವರ್. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅದಕ್ಕಿಂತ ಹೆಚ್ಚು ಹೇಳಲು ಏನೂ ಇಲ್ಲ. ಬಂದವರು ಬಂದರು, ಅತ್ತರು, ಹೋದರು. ಅಕ್ಕ ಮಾತ್ರ ಉಳಿದಳು. ಅವಳು ಯೂನಿಫಾರಂ ಹೊಲಿಯುವ ಅಂಗಡಿಯಲ್ಲಿ ದುಡಿದವಳು. ಹೊಲಿಗೆ ಮಷೀನನ್ನು ಜೊತೆಗೇ ಹೊತ್ತು ತಂದಿದ್ದಳು.

"ಎಷ್ಟು ದಿನ ಇರ್ತೀಯ ಅಕ್ಕಾ?"

"ನೀನು ಊಟ ಮಾಡೋ ತನಕ."

"ಮಾಡ್ತಾ ಇದೀನಲ್ಲ."

"ತಟ್ಟೆ ಮುಂದೆ ಕೂತ್ಕೋತೀಯ. ಅದಕ್ಕೆ ಊಟ ಅನ್ನಲ್ಲ."

ಕಾಯುತ್ತಾ ಕೂರುವುದು ಅಕ್ಕನಿಂದ ಆಗದ ಕೆಲಸ. ಬೀರುವಿನ ಬಾಗಿಲು ತೆಗೆದಳು. ಹಳೆಯ ಚಾದರ, ಹರಿದ ರಜಾಯಿ, ಗಂಟುಗಂಟಾದ ದಿಂಬು, ಎಲ್ಲ ಹೊರಗೆ ಬಂತು.

"ಇದೆಲ್ಲ ಯಾಕೆ ಇಟ್ಕೊಂಡಿದೀಯ?"

"ಬೇಕಾಗತ್ತೆ ಅಂತ."

"ಯಾವಾಗ?"

ಅಕ್ಕ ಕತ್ತರಿ ತೆಗೆದಳು.

ಮೊದಲು ನಡುವೆ ಸವೆದು ಜಾಲರಿಯಾದ ಚಾದರವನ್ನು ಉದ್ದಕ್ಕೆ ಸೀಳಿದಳು. ತಂಗಿ "ಅಯ್ಯೋ" ಅನ್ನುವಷ್ಟರಲ್ಲಿ ಎರಡು ಅಂಚುಗಳನ್ನು ನಡುವಿಗೆ ತಂದು ಹೊಲಿದಾಗಿತ್ತು. ಸವೆದದ್ದು ಅಂಚಿಗೆ ಹೋಯಿತು. ಗಟ್ಟಿ ಬಟ್ಟೆ ನಡುವಿಗೆ ಬಂತು. ಚಾದರಕ್ಕೆ ಹೊಸ ಆಯುಸ್ಸು.

"ಮಲಗಿದ ಕಡೆ ತಾನೇ ಸವೆಯೋದು? ಯಾರೂ ಮಲಗದ ಕಡೆ ಹಾಗೇ ಇರತ್ತೆ," ಅಂದಳು ಅಕ್ಕ, ಬಾಯಲ್ಲಿ ದಾರ ಕಚ್ಚಿಕೊಂಡು.

ತಂಗಿ ಬಾಯಿ ಬಿಟ್ಟವಳು ಮುಚ್ಚಲಿಲ್ಲ. ಇಷ್ಟು ವರ್ಷ ಅದರ ಮೇಲೆ ಮಲಗಿದ್ದಳು. ಅದರೊಳಗೆ ಇನ್ನೊಂದು ಚಾದರ ಇದೆ ಅಂತ ಗೊತ್ತೇ ಇರಲಿಲ್ಲ.

ಆಮೇಲೆ ಅವತಾರಗಳ ಸಾಲು. ದಿಂಬಿನ ಗವಸು ಚೀಲವಾಯಿತು. ರಜಾಯಿ ಮಡಚಿಕೊಂಡು ಕುರ್ಚಿಯ ಮೆತ್ತೆಯಾಯಿತು. ಕಿಟಕಿಯ ಪರದೆ ಗ್ಯಾಸ್ ಸಿಲಿಂಡರಿಗೆ ಲಂಗವಾಯಿತು, ಅದೂ ನೆರಿಗೆಯ ಲಂಗ. ಮಿಕ್ಸಿಗೆ ಟೊಪ್ಪಿ ಬಂತು. ಆ ಠೀವಿಗೆ ಮನೆಗೆ ಬಂದವರು ಮೊದಲು ಮಿಕ್ಸಿಗೆ ಕೈಮುಗಿದು ಆಮೇಲೆ ತಂಗಿಯನ್ನು ಮಾತಾಡಿಸಬೇಕು, ಹಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಅಕ್ಕ ಕಾಲು ಎಷ್ಟಿದೆ ನೋಡಿ ಹಾಸಿಗೆಯನ್ನೇ ಚಾಚುತ್ತಿದ್ದಳು.

ಗಂಡ ಹೋದ ಮೇಲೆ ತಂಗಿ ಏನನ್ನೂ ಕಣ್ಣಿಟ್ಟು ನೋಡಿರಲಿಲ್ಲ. ಈಗ ಬೆಳಗಾದರೆ ಮಷೀನಿನ ಪಕ್ಕ ಬಂದು ಕೂರುತ್ತಿದ್ದಳು. ಇವತ್ತು ಏನು ಏನಾಗುತ್ತದೋ!

ಆದರೆ ಒಂದು ಚಾದರ ಇತ್ತು. ಗಂಡನದ್ದು. ಬೂದಿ ಬಣ್ಣ. ಮಗ್ಗುಲು ಬದಲಿಸುವಾಗ ಬಸ್ಸು ತಿರುಗಿಸಿದ ಹಾಗೆ ಪೂರಾ ಎಳೆದುಕೊಂಡು, ಹೆಂಡತಿಯನ್ನು ಚಳಿಗೆ ಬಿಟ್ಟು ಹೊದೆಯುತ್ತಿದ್ದ ಚಾದರ. ಗಂಡನ ವಾಸನೆ ಹೋದೀತು ಅಂತ ಅದನ್ನು ತಂಗಿ ಒಗೆದಿರಲಿಲ್ಲ. ಗಂಟು ಕಟ್ಟಿ ಗಂಡನ ಕಪಾಟಿನಲ್ಲಿ ಬಟ್ಟೆಯ ಅಡಿಗೆ ಇಟ್ಟಿದ್ದಳು. ಅದಕ್ಕೆ ಕತ್ತರಿ ತಾಗಿದರೆ ತಾನು ಬದುಕುವುದಿಲ್ಲ ಅಂತ ಅವಳ ಲೆಕ್ಕ.

ಒಂದು ದಿನ ಅಕ್ಕ ಆ ಕಪಾಟಿಗೂ ಕೈ ಹಾಕಿದಳು. ಗಂಟು ಮಂಚದ ಮೇಲೆ ಬಂತು. ಅದೇ ಹೊತ್ತಿಗೆ ಪಕ್ಕದ ಮನೆಯ ನರ್ಸಮ್ಮ ಬಾಗಿಲಿಗೆ ಬಂದರು. ಅವರ ಮನೆಗೆ ಬಣ್ಣ ಹೊಡೆಸುತ್ತಿದ್ದರು. ಕೈಯಲ್ಲಿ ಅವರದ್ದೂ ಒಂದು ಗಂಟು.

"ಇದೊಂದು ಇಟ್ಕೊಳ್ಳಿ ಅಮ್ಮಾ," ಅಂತ ಅದನ್ನೂ ಮಂಚದ ಮೇಲೆ ಹಾಕಿದರು. ಚಪ್ಪಲಿ ಮೆಟ್ಟಿಕೊಳ್ಳಲು ತಿರುಗಿದರು.

ಒಲೆಯ ಮೇಲೆ ಏನೋ ಸೀದ ವಾಸನೆ. ತಂಗಿ ಒಳಗೆ ಓಡುತ್ತಾ ಕೂಗಿದಳು.

"ಅಕ್ಕಾ, ಅವರದ್ದು ಏನು ಬೇಕಾದ್ರೂ ಮಾಡ್ಕೋ. ಇವರದ್ದಕ್ಕೆ ಮಾತ್ರ ಕತ್ತರಿ ಹಾಕ್ಬೇಡ. ನಿನ್ನ ದಮ್ಮಯ್ಯ!"

ಅಕ್ಕ ಎರಡು ಗಂಟನ್ನೂ ನೋಡಿದಳು. ಕಣ್ಣು ಒರೆಸಿಕೊಂಡಳು. ಕತ್ತರಿ ತೆಗೆದಳು.

ತಂಗಿ ಬಂದಾಗ ಹೊಲಿದು ಬಾಯಿ ಮುಚ್ಚಿದ ಒಂದು ದಿಂಬಿನ ಗವಸನ್ನು ಅಕ್ಕ ಅವಳ ಕೈಗಿಟ್ಟಳು.

"ತಗೋ. ಒಳಗೆ ಧೂಳು ಹೋಗದ ಹಾಗೆ ಭದ್ರ ಮಾಡಿದೀನಿ."

ತಂಗಿ ಅದನ್ನು ಎದೆಗೆ ಒತ್ತಿಕೊಂಡಳು. ವಾಸನೆ ಆರಿಹೋಗಬಾರದು ಅಂತ ಬಾಯಿ ಹೊಲಿದು ಕೊಟ್ಟಿದ್ದಾಳಲ್ಲ! ತನ್ನ ಮನಸ್ಸು ಅಕ್ಕನಿಗೆ ಹೇಗೆ ಗೊತ್ತಾಯಿತು?

ಅಂದಿನಿಂದ ಅದನ್ನು ಅಪ್ಪಿಕೊಂಡೇ ಮಲಗಿದಳು. ಅದರ ಜೊತೆ ಮಾತಾಡಿದಳು, ಜಗಳವನ್ನೂ ಆಡಿದಳು. ಬಟ್ಟೆ ದಪ್ಪ, ಆದರೂ ವಾಸನೆ ಬರುತ್ತಿತ್ತು. ದಿನ ಕಳೆದ ಹಾಗೆ ಹೆಚ್ಚುತ್ತಲೇ ಇತ್ತು.

"ನೋಡೇ ಅಕ್ಕಾ, ಇನ್ನೂ ಇಲ್ಲೇ ಇದಾರೆ ಅನ್ನೋ ಹಾಗೆ!"

ಅಕ್ಕ ಮೂಸಿ ನೋಡಿ ಮೂಗು ಸೊಟ್ಟ ಮಾಡಿದಳು. ಪಕ್ಕದ ಮನೆಯ ಗಂಟನ್ನು ಇವಳು ಯಾಕೆ ಅಪ್ಪಿಕೊಳ್ಳುತ್ತಾಳೋ ಅವಳಿಗೆ ತಿಳಿಯಲಿಲ್ಲ. ದುಃಖದಲ್ಲಿರುವವರನ್ನು ಕೆದಕಬಾರದು ಅಂತ ಬಾಯಿ ಮುಚ್ಚಿಕೊಂಡಳು. ಅಕ್ಕ ಬಾಯಿ ಮುಚ್ಚಿಕೊಂಡದ್ದು ಹುಟ್ಟಿದ ಮೇಲೆ ಅದೊಂದೇ ಸಲ. ಅದೇ ತಪ್ಪಾಯಿತು.

ಮನೆಗೆ ಬಣ್ಣ ಹೊಡೆದಾದ ಮೇಲೆ ನರ್ಸಮ್ಮ ಮಾತಾಡಿಸಲು ಬಂದರು. ಹಿಂದೆಯೇ ಅವರ ನಾಯಿ. ಅದು ಯಾರನ್ನೂ ಕೇಳಲಿಲ್ಲ. ನೇರ ಒಳಗೆ ಹೋಯಿತು, ಮಂಚ ಹತ್ತಿತು, ಗವಸನ್ನು ಎಳೆದು ಹೊಲಿಗೆ ಬಿಚ್ಚಿತು. ಒಳಗಿನ ಬಟ್ಟೆಯನ್ನು ಮೂತಿಯಿಂದ ಹರಡಿತು. ಮೂರು ಸುತ್ತು ಸುತ್ತಿ ಅದರ ಮೇಲೆ ಮಲಗಿ ನಿಟ್ಟುಸಿರು ಬಿಟ್ಟಿತು.

"ಅಯ್ಯಯ್ಯೋ! ಇವರ ಮೇಲೆ ಮಲಗಿದೆ! ಎಬ್ಬಿಸ್ರೀ!"

"ಅದರ ಹಾಸಿಗೆ ಅಲ್ವಾ ಅಮ್ಮಾ," ಅಂದರು ನರ್ಸಮ್ಮ. "ನಾನೇ ಕೊಟ್ಟಿದ್ದಲ್ಲ. ಒರೆಸೋಕೆ ಆಗತ್ತೆ ಅಂತ. ಒಗೆಯೋಕೂ ಪುರುಸೊತ್ತಿರಲಿಲ್ಲ."

ತಂಗಿ ಮೂಗು ಮುಟ್ಟಿ ನೋಡಿಕೊಂಡಳು.

"ಅಕ್ಕಾ! ಹಾಗಾದ್ರೆ ಇವರದ್ದೆಲ್ಲಿ?"

"ಇವರದ್ದು ಅದೇ ಅಲ್ವೇನೇ, ನಾಯಿ ಕೆಳಗಿರೋದು!"

"ಅದು ಅವರದ್ದು!"

"ಅವರದ್ದನ್ನ ಏನು ಬೇಕಾದ್ರೂ ಮಾಡ್ಕೋ ಅಂದೆಯಲ್ಲ. ಮಾಡ್ದೆ."

"ನಾನು ಅಂದಿದ್ದು ಅವರನ್ನ. ಇವರನ್ನಲ್ಲ!"

"ಯಾರನ್ನ?" ಅಂದರು ನರ್ಸಮ್ಮ.

"ನಿಮ್ಮನ್ನ!" ಅಂದಳು ತಂಗಿ.

"ಬಾಗಿಲಲ್ಲಿ ನಿಂತಿದ್ದೋರು ಇವರು," ಅಂತ ಅಕ್ಕ ನರ್ಸಮ್ಮನ ಕಡೆ ಬೆರಳು ಮಾಡಿದಳು. "ಹೋದವರು ಅವರು. ಅಂತೂ ಇವಳು ಮನಸ್ಸು ಗಟ್ಟಿ ಮಾಡ್ಕೊಂಡ್ಳು ಅಂತ ನಾನು ಅತ್ತು ಕತ್ತರಿಸಿದೀನಿ ಕಣೇ! ಸತ್ತವರನ್ನ ಯಾರಾದ್ರೂ ಇವರು ಅಂತಾರಾ?"

"ನಾನು ಅಂತೀನಿ," ಅಂದಳು ತಂಗಿ.



ಅದು ನಿಜ. ಮದುವೆಯಾದ ದಿನದಿಂದ ಗಂಡನನ್ನು ಹೆಸರು ಹಿಡಿದು ಕರೆದವಳಲ್ಲ. ಇವರು ಬಂದ್ರು, ಇವರು ಉಂಡ್ರು, ಇವರಿಗೆ ಕೋಪ. ಸತ್ತ ಮೇಲೆ ಊರಿಗೆಲ್ಲ ಇವರು ಅವರಾಗಿ ದೂರ ಹೋದರು. ಇವಳ ಬಾಯಲ್ಲಿ ಮಾತ್ರ ಅಲ್ಲಾಡದೆ ಪಕ್ಕದಲ್ಲೇ ಕೂತಿದ್ದರು.

"ಏನು ಮಾಡಿದೆ?" ತಂಗಿಯ ದನಿ ಸಣ್ಣದಾಯಿತು. "ಕಾಲೊರೆಸಾ?"

"ಥೂ! ಒಗೆದ ಮೇಲೆ ಬೆಣ್ಣೆ ಹಾಗಿತ್ತು. ಅದನ್ನ ಕಾಲಿಗೆ ಹಾಕ್ತಾರಾ? ಅಡುಗೆಮನೇಲಿ ನೋಡು."

ಒಲೆಯ ಪಕ್ಕ ಬಿಸಿ ಪಾತ್ರೆ ಇಳಿಸುವ ಬಟ್ಟೆಗಳು ತೂಗುತ್ತಿದ್ದವು. ಬೂದಿ ಬಣ್ಣ. ನಾಲ್ಕು ಮಡಿಕೆ, ಸುತ್ತ ಅಂಚು. ಪಕ್ಕದ ಮನೆಯ ಬಟ್ಟೆ ಅಂದುಕೊಂಡು ಇಷ್ಟು ದಿನ ತಂಗಿ ಅವುಗಳಲ್ಲೇ ಪಾತ್ರೆ ಇಳಿಸಿದ್ದಳು. ಎಷ್ಟು ಚೆನ್ನಾಗಿ ಹಿಡಿತ ಕೊಡುತ್ತೆ ಅಂತ ಅಕ್ಕನನ್ನು ಹೊಗಳಿಯೂ ಇದ್ದಳು.

ಕಳವಳದಲ್ಲಿ ಅಕ್ಕ ಹಿಂದೆಯೇ ಬಂದಳು. "ಎಲ್ಲ ಬಿಚ್ತೀನಿ. ಮತ್ತೆ ಸೇರಿಸಿ ಚಾದರ ಮಾಡ್ಕೊಡ್ತೀನಿ. ಅಳಬೇಡ."

ತಂಗಿ ಅಳಲಿಲ್ಲ. ಹಾಲು ಉಕ್ಕಿ ಬರುತ್ತಿತ್ತು. ಎರಡು ಬಟ್ಟೆ ತೆಗೆದು ಪಾತ್ರೆಯ ಎರಡು ಕಡೆ ಹಿಡಿದಳು. ಎತ್ತಿದಳು. ಬಿಸಿ ಕೈಗೆ ತಾಗಲಿಲ್ಲ. ಬೆರಗಾಗಿ ನೋಡುತ್ತಾ ನಿಂತಳು. ಬದುಕಿದ್ದಾಗ ಇವರು ಕುಡಿದ ಲೋಟ ಎತ್ತಿಟ್ಟವರಲ್ಲ. ಅಡುಗೆಮನೆ ಯಾವ ಕಡೆ ಇದೆ ಅಂತ ಊಟದ ಹೊತ್ತಿಗೆ ಮೂಗಿನಿಂದ ತಿಳಿದುಕೊಳ್ಳುತ್ತಿದ್ದರು.

"ಬಿಚ್ಚಬೇಡ ಅಕ್ಕಾ," ಅಂದಳು ಮೆಲ್ಲಗೆ. "ಈಗ ತಾನೇ ಕೆಲಸ ಕಲಿತಿದಾರೆ."

ನರ್ಸಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ಅಮ್ಮಾ, ನಮ್ಮನೆಯವರ ಚಾದರಾನೂ ತರ್ತೀನಿ. ಹೊಲಿದು ಕೊಡ್ತೀರಾ?"

"ಅವರು ಗಟ್ಟಿಮುಟ್ಟಾಗಿದಾರಲ್ಲಮ್ಮ!" ಅಂದಳು ಅಕ್ಕ.

"ಅದಕ್ಕೇ. ಅಲ್ಲೀ ತನಕ ಯಾರು ಕಾಯ್ತಾರೆ?"

ತಂಗಿ ನಕ್ಕಳು. ತಡೆದುಕೊಳ್ಳಲು ಆಗಲಿಲ್ಲ. ಪಾತ್ರೆ ವಾಲಿ ಅರ್ಧ ಹಾಲು ನೆಲಕ್ಕೆ ಹೋಯಿತು. ನೆಕ್ಕಲು ನಾಯಿ ಮಂಚ ಬಿಟ್ಟು ಓಡಿಬಂತು.