ರಾಣಿ ಇರುವೆಗೆ ಒಂದು ಚಮಚ ಪಾಕ

ಇರುವೆ ಕೊಲ್ಲುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲಿ ಇಲ್ಲ. ಇದು ಜಂಬವಲ್ಲ, ಉದ್ಯೋಗ! ಕೀಟ ನಿವಾರಣೆಯ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಬೆನ್ನಿಗೆ ಔಷಧದ ಡಬ್ಬ ಕಟ್ಟಿಕೊಂಡು ಮನೆಮನೆ ಸುತ್ತುತ್ತಿದ್ದೇನೆ. ಇಂಥ ನಾನು ಒಂದು ಸಂಜೆ ಕೈ ತೊಳೆಯುತ್ತಾ ಘೋರ ಪ್ರತಿಜ್ಞೆ ಮಾಡಿದೆ: ಕೊಲ್ಲುವ ವಿದ್ಯೆ ಕರತಲಾಮಲಕವಾಯಿತು, ಇನ್ನು ಸಾಕುವ ವಿದ್ಯೆ! ಒಂದು ರಾಣಿ ಇರುವೆಯನ್ನು ಹಿಡಿದು ತಂದು, ಗಾಜಿನೊಳಗೆ ಸಾಮ್ರಾಜ್ಯ ಕಟ್ಟಿಸಿ, ಶತ್ರುವಿನ ಗುಟ್ಟನ್ನೆಲ್ಲ ಅರೆದು ಕುಡಿದುಬಿಡಬೇಕು!

ಇದರ ಹಿಂದೆ ಒಂದು ಆಸೆಯೂ ಇತ್ತು. ನಮ್ಮ ಮೇಲ್ವಿಚಾರಕರು ನಿವೃತ್ತರಾಗುತ್ತಿದ್ದರು. ಆ ಕುರ್ಚಿ ನನಗೆ ಬೇಕೇಬೇಕಿತ್ತು. ಕಂಡವರ ಮನೆಯ ಸಿಂಕಿನ ಕೆಳಗೆ ತೂರಿ ತೂರಿ ನನ್ನ ಮಂಡಿ ಸವೆದುಹೋಗಿದೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಂಪನಿಯ ದೊಡ್ಡ ಸಾಹೇಬರು ನಾವು ವಾಸಿಸುವ ಕಟ್ಟಡವನ್ನೇ ನೋಡಲು ಬರುವವರಿದ್ದರು. ಅದರ ಗೇಟಿನ ಮೇಲೆ ‘ಇದು ಇರುವೆಮುಕ್ತ ಕಟ್ಟಡ’ ಎಂಬ ಫಲಕವಿದೆ, ಕೆಳಗೆ ನನ್ನ ಸಹಿ. ಎಲ್ಲ ಸರಿಯಿದ್ದರೆ ಕುರ್ಚಿ ನನ್ನದು ಎಂದು ಅವರೇ ಬಾಯಿಬಿಟ್ಟು ಹೇಳಿದ್ದರು.

ಹೆಂಡತಿಗೆ ನನ್ನ ಯೋಜನೆ ವಿವರಿಸಿದೆ.

“ದಿನವಿಡೀ ಕೊಲ್ಲೋದು, ಸಂಜೆ ಬಂದು ಸಾಕೋದು. ಇದೇನ್ರೀ, ಪ್ರಾಯಶ್ಚಿತ್ತನಾ?”

“ಸಂಶೋಧನೆ ಕಣೇ!”

“ಏನಾದ್ರೂ ಆಗ್ಲಿ, ಅಡುಗೆಮನೆಗೆ ಮಾತ್ರ ತರಬೇಡಿ. ತಂದ್ರೆ ಅದರ ಜೊತೆ ನಿಮ್ಮನ್ನೂ ಆಚೆ ಇಡ್ತೀನಿ.”

ಬುಧವಾರ ಸಂಜೆ ಮಳೆ ನಿಂತ ಮೇಲೆ ರೆಕ್ಕೆಯ ಇರುವೆಗಳು ಎದ್ದವು. ರೆಕ್ಕೆ ಉದುರಿಸಿಕೊಂಡು, ಬಿಲ ತೋಡಲು ಜಾಗ ಹುಡುಕುತ್ತಾ ಓಡಾಡುವ ದಪ್ಪನೆಯ ಇರುವೆಯೇ ರಾಣಿ. ನಾನು ಮೆಟ್ಟಿಲ ಮೇಲೆ ನಾಲ್ಕು ಕಾಲಲ್ಲಿ ತೆವಳುತ್ತಿದ್ದಾಗ ಕೆಳಮನೆಯ ನಿವೃತ್ತ ಹೆಡ್‌ಮಿಸ್ಸು ಬಾಗಿಲು ತೆರೆದರು.

“ಏನು ಕಳ್ಕೊಂಡ್ರಿ?”

“ರಾಣೀನ ಹುಡುಕ್ತಿದ್ದೀನಿ!”

“ಈಗ್ತಾನೇ ತರಕಾರಿ ಚೀಲ ಹಿಡ್ಕೊಂಡು ಮೇಲೆ ಹೋದ್ರಲ್ಲ?”

ಅಂತೂ ರಾಣಿ ಸಿಕ್ಕಳು. ಗಾಜಿನ ಕೊಳವೆಯ ತಳದಲ್ಲಿ ನೀರು, ಅದಕ್ಕೊಂದು ಹತ್ತಿಯ ತಡೆ, ನಡುವೆ ರಾಣಿ, ಬಾಯಿಗೆ ಇನ್ನೊಂದು ಹತ್ತಿಯುಂಡೆ. ಹೈಸ್ಕೂಲು ಓದುವ ಮಗಳು ಎಲ್ಲ ಓದಿಕೊಂಡು ಬಂದು ಹೇಳಿದಳು: “ಅಪ್ಪಾ, ಕತ್ತಲಲ್ಲಿಡು. ಒಂದು ತಿಂಗಳು ಮುಟ್ಟಬೇಡ. ಊಟಾನೂ ಬೇಡ, ಅದರ ಮೈಯಲ್ಲಿರೋದೇ ಅದಕ್ಕೆ ಸಾಕು.”

ಊಟ ಬೇಡವೇ? ಮೊಟ್ಟೆಯಿಡಬೇಕಾದ ಹೆಣ್ಣುಜೀವವನ್ನು ಉಪವಾಸ ಕೆಡವುವುದೇ? ನನ್ನ ಮನಸ್ಸು ಒಪ್ಪಲಿಲ್ಲ. ಇರುವೆಗೆ ಏನು ಇಷ್ಟ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ವಿಷ ಬೆರೆಸುವ ಮುಂಚೆ ನಾವೊಂದು ಪಾಕ ತಯಾರಿಸುತ್ತೇವೆ. ಜೇನು, ಸಕ್ಕರೆ, ಕಡಲೆಕಾಯಿ ಎಣ್ಣೆ, ಮೊಟ್ಟೆಯ ಹಳದಿ, ಇವು ಎಲ್ಲರಿಗೂ ಗೊತ್ತು. ಅಳತೆ ಮಾತ್ರ ನನಗೊಬ್ಬನಿಗೇ ಗೊತ್ತು. ಅದರ ವಾಸನೆಗೆ ಗೋಡೆಯ ಬುಡದಲ್ಲಿ ಮಲಗಿದ ಇರುವೆಯೂ ಎದ್ದು ಬರುತ್ತದೆ! ಶುಕ್ರವಾರ ಸಂಜೆ ಹೆಂಡತಿ ಸ್ನಾನಕ್ಕೆ ಹೋದಾಗ ವಿಷವಿಲ್ಲದ ಪಾಕವನ್ನು ಕಲಸಿ, ಹತ್ತಿಗೆ ಒಂದಿಷ್ಟು ಸವರಿ, ಉಳಿದದ್ದನ್ನು ಬಟ್ಟಲಲ್ಲಿ ಹಾಕಿ ಕೊಳವೆಯ ಪಕ್ಕದಲ್ಲೇ ಇಟ್ಟೆ. ಎಲ್ಲಿ? ಬೆಚ್ಚಗೂ ಕತ್ತಲಾಗಿಯೂ ಇರುವ ಜಾಗ ಮನೆಯಲ್ಲಿ ಒಂದೇ: ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಗಳ ಹಿಂದೆ.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಅಡುಗೆಮನೆಯಿಂದ ಕರೆ ಬಂತು.

“ರೀ, ಒಂದ್ನಿಮಿಷ ಬರ್ತೀರಾ?”

ಧ್ವನಿ ಮೆತ್ತಗಿತ್ತು. ಮದುವೆಯಾದವರಿಗೆ ಆ ಮೆದು ಧ್ವನಿಯ ಅರ್ಥ ಗೊತ್ತು. ಹೋಗಿ ನೋಡಿದರೆ ಹಿಟ್ಟಿನ ಡಬ್ಬ ಕಾಣುತ್ತಿಲ್ಲ, ಬರೀ ಇರುವೆ! ಕಿಟಕಿಯ ಮೂಲೆಯಿಂದ ಎರಡು ಬೆರಳಗಲದ ಕಪ್ಪು ಸಾಲು. ಹೊರಗೆ ಓಡಿ ನೋಡಿದೆ. ಸಾಲು ಮೆಟ್ಟಿಲಿಳಿದು ಮೂರು ಮಹಡಿ ದಾಟಿ, ಗೇಟಿನವರೆಗೆ ಹೋಗಿತ್ತು. ‘ಇರುವೆಮುಕ್ತ’ ಎಂಬ ಅಕ್ಷರಗಳ ಮೇಲೇ ಅವು ಸಾಲಾಗಿ ನಡೆಯುತ್ತಿದ್ದವು. ನನ್ನ ಸಹಿಯಂತೂ ಕಾಣಿಸಲೇ ಇಲ್ಲ.

“ಮೈಮೇಲೆ ಇರುವೆ ಬಿಟ್ಕೊಳ್ಳೋದು ಅಂತ ಕೇಳಿದ್ದೆ,” ಎಂದಳು ಹೆಂಡತಿ. “ಮನೆ ಮೇಲೆ ಬಿಟ್ಕೊಂಡೋರನ್ನ ಇವತ್ತೇ ನೋಡಿದ್ದು.”

ಔಷಧದ ಡಬ್ಬ ಬೆನ್ನಿಗೇರಿಸಿದೆ, ಸಿಂಪಡಿಸುವ ನಳಿಗೆ ಹಿಡಿದು ಗುರಿಯಿಟ್ಟೆ. ಗಾಜಿನ ಕೊಳವೆ ಕಣ್ಣಿಗೆ ಬಿತ್ತು. ಹತ್ತಿ ಗಟ್ಟಿಯಾಗಿತ್ತು, ಒಳಗೆ ರಾಣಿ ಸುರಕ್ಷಿತ. ಅವಳ ಪಕ್ಕದಲ್ಲಿ ರವೆಗಿಂತ ಸಣ್ಣ ನಾಲ್ಕು ಬಿಳಿ ಕಾಳು. ಮೊಟ್ಟೆ! ಕೋಟಿಗಟ್ಟಲೆ ಇರುವೆಗಳನ್ನು ಯಮಲೋಕಕ್ಕೆ ಕಳಿಸಿದ ಕೈ ಗುಂಡಿ ಒತ್ತಲು ಒಪ್ಪಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಅಳು ಬಂತು.

ಆಗ ಕರೆಗಂಟೆ ಸದ್ದು ಮಾಡಿತು. ಸಾಹೇಬರು, ಹದಿನೈದು ನಿಮಿಷ ಮುಂಚೆ!

“ಮನೆ ಹುಡುಕೋದು ಕಷ್ಟ ಆಗ್ಲಿಲ್ಲ,” ಎಂದರು. “ಗೇಟಿಂದ ಸಾಲು ಹಿಡ್ಕೊಂಡು ಬಂದೆ.”

ನಾನು ಡಬ್ಬ ಹೊತ್ತು, ಕಣ್ಣೊರೆಸಿಕೊಳ್ಳುತ್ತಾ ಕಂಬದಂತೆ ನಿಂತಿದ್ದೆ. ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿದಳು. ಕೊಳವೆಯನ್ನು ಒರೆಸಿ ಮಗಳ ಕೈಗೆ ಕೊಟ್ಟಳು. ಪಾಕದ ಬಟ್ಟಲನ್ನು ನೀರಲ್ಲಿ ಮುಳುಗಿಸಿದಳು. ಸೋಪಿನ ನೀರಲ್ಲಿ ಬಟ್ಟೆ ಅದ್ದಿ ಕಿಟಕಿಯ ಮೂಲೆಯಿಂದ ಸಾಲನ್ನು ಒರೆಸುತ್ತಾ ಹೋದಳು, ಬಿರುಕಿಗೆ ಮೇಣದಬತ್ತಿಯ ತುಂಡು ಒತ್ತಿದಳು. ಆಮೇಲೆ ಬಕೆಟ್ ಹಿಡಿದು ಮೆಟ್ಟಿಲಿಗೂ ಇಳಿದಳು. ದಾರಿ ತಪ್ಪಿದ ಇರುವೆಗಳು ಸ್ವಲ್ಪ ಹೊತ್ತು ಗಿರಕಿ ಹೊಡೆದು ಚದುರಿಹೋದವು. ಸಾಹೇಬರು ಗಡಿಯಾರ ನೋಡಿಕೊಂಡರು. ಇಪ್ಪತ್ತು ನಿಮಿಷ!

“ಯಾವ ಔಷಧಿ ಅಮ್ಮಾ ಅದು?”

“ಪಾತ್ರೆ ತೊಳೆಯೋ ಸೋಪು ಸಾರ್. ಬಂದ ದಾರಿ ಒರೆಸಿದ್ರೆ ಹಿಂದಿನವಕ್ಕೆ ದಾರಿ ಸಿಗಲ್ಲ.”

“ಮತ್ತೆ ಇಷ್ಟು ವರ್ಷ ಈ ಕಟ್ಟಡ ಕಾಪಾಡಿದ್ದು...”

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳು ಹೇಳಿಬಿಟ್ಟಳು: “ಅಮ್ಮಾನೇ ಅಂಕಲ್! ಮನೆಯೊಳಗೆ ವಿಷ ಬೇಡ ಅಂತ ಎಲ್ಲಾ ಮನೆಯವರಿಗೂ ಇದನ್ನೇ ಹೇಳ್ಕೊಟ್ಟಿದ್ದಾಳೆ. ಅಪ್ಪ ಔಷಧಿ ಹೊಡೆಯೋದು ಗೇಟಿಗೆ ಮಾತ್ರ.”

ಇದು ನನಗೂ ಹೊಸ ಸುದ್ದಿ! ಯಾರ ಮನೆಗೆ ಹೋದರೂ “ಆಯ್ತು ಬಿಡಿ, ಇರುವೆ ಇಲ್ಲ” ಎಂದು ಕಾಫಿ ಕೊಟ್ಟು ಕಳಿಸುತ್ತಿದ್ದರು. ಅದನ್ನು ನನ್ನ ಕೀರ್ತಿ ಎಂದುಕೊಂಡಿದ್ದೆ.

ಸಾಹೇಬರು ದೀರ್ಘವಾಗಿ ಉಸಿರೆಳೆದು ಹೆಂಡತಿಯ ಕಡೆ ತಿರುಗಿದರು. “ಅಮ್ಮಾ, ನಮಗೊಬ್ಬರು ಮೇಲ್ವಿಚಾರಕರು ಬೇಕು. ಸೋಮವಾರದಿಂದ ಬರ್ತೀರಾ?”

“ಇವರನ್ನ ಒಂದು ಮಾತು ಕೇಳ್ಬೇಕು ಸಾರ್,” ಎಂದಳು.

ನನ್ನ ಎದೆ ಉಬ್ಬಿತು. ಎಷ್ಟಾದರೂ ಯಜಮಾನನ ಮಾತಿಗೆ ಬೆಲೆಯಿದೆ! ಗಂಟಲು ಸರಿಪಡಿಸಿಕೊಂಡು, ಗಂಭೀರನಾಗಿ ಕಾದೆ.

“ರೀ, ನಿಮ್ಮ ಆಫೀಸಲ್ಲಿ ಎಷ್ಟು ಗಂಟೆಗೆ ಇರ್ಬೇಕು?”

“ಒಂಬತ್ತಕ್ಕೆ,” ಎಂದೆ. ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಇನ್ನೊಂದು ಪದ ಸೇರಿಸಿದೆ: “ಮೇಡಂ.”