ನೀರಿಳಿಸಿದ ಮಾತ್ರೆ

ಅಂಗಿಯ ಗುಂಡಿಗಿಂತ ಚಿಕ್ಕದಾದ ಒಂದು ಬಿಳಿ ಮಾತ್ರೆ ತಮ್ಮ ನೀರಿಳಿಸಿತು ಎಂದು ಮಹಡಿರಾಯರು ಇವತ್ತಿಗೂ ಹಲುಬುತ್ತಾರೆ. ಅದನ್ನು ಕೊಟ್ಟಿದ್ದೇ ನೀರಿಳಿಸಲಿಕ್ಕೆ ಎಂದು ಯಾರಾದರೂ ನೆನಪಿಸಿದರೆ ಅವರ ಜೊತೆ ಮಾತು ಬಿಡುತ್ತಾರೆ.

ಮಹಡಿರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕಚೇರಿಗಳೇ ತುಂಬಿದ ಒಂದು ಹಳೆಯ ಕಟ್ಟಡದಲ್ಲಿ ಅವರು ಲಿಫ್ಟ್ ನಡೆಸುತ್ತಿದ್ದರು. ಮಡಚುವ ಜಾಲರಿ ಬಾಗಿಲು, ಒಳಗೆ ಒಂದು ಹಿತ್ತಾಳೆ ಹಿಡಿಕೆ, ಹಿಡಿಕೆಯ ಪಕ್ಕ ಒಂದು ಸ್ಟೂಲು, ಸ್ಟೂಲಿನ ಮೇಲೆ ರಾಯರು. ಹಿಡಿಕೆಯನ್ನು ಬಲಕ್ಕೆ ಹಿಡಿದರೆ ಲಿಫ್ಟ್ ಮೇಲಕ್ಕೆ, ಎಡಕ್ಕೆ ಹಿಡಿದರೆ ಕೆಳಕ್ಕೆ. ಕೈಬಿಟ್ಟರೆ ಇದ್ದಲ್ಲೇ ನಿಲ್ಲುತ್ತದೆ. ನೋಡುವವರಿಗೆ ಇಷ್ಟೇ. ಆದರೆ ಲಿಫ್ಟಿನ ನೆಲವನ್ನು ಮಹಡಿಯ ನೆಲಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ತಂದು ನಿಲ್ಲಿಸುವುದು ಒಂದು ಮಹಾವಿದ್ಯೆ, ಅದು ತಮಗೊಬ್ಬರಿಗೇ ಒಲಿದದ್ದು ಎಂದು ರಾಯರು ನಂಬಿದ್ದರು. ("ಈ ಹಿಡಿಕೆ ಬೇರೆಯವರ ಕೈಗೆ ಹೋದ ದಿನ ಈ ಕಟ್ಟಡಕ್ಕೆ ಗ್ರಹಣ" ಎನ್ನುತ್ತಿದ್ದರು. ಕಟ್ಟಡ ಏನೂ ಹೇಳುತ್ತಿರಲಿಲ್ಲ.)

ಈಚೆಗೆ ಕಟ್ಟಡದ ಯಜಮಾನರು ಹೊಸ ಲಿಫ್ಟಿನ ಮಾತೆತ್ತಿದ್ದರು. ಗುಂಡಿ ಒತ್ತಿದರೆ ತಾನೇ ಓಡುವ ಲಿಫ್ಟ್. ಅದು ಬಂದರೆ ಸ್ಟೂಲಿಗೂ ಜಾಗವಿಲ್ಲ, ಸ್ಟೂಲಿನ ಮೇಲಿದ್ದವರಿಗೂ ಜಾಗವಿಲ್ಲ. ಆ ಚಿಂತೆಯಲ್ಲೇ ತಲೆ ಭಾರವಾಗುತ್ತಿದೆ ಎಂದು ರಾಯರು ಅಂದುಕೊಂಡಿದ್ದರು. ಹೆಂಡತಿ ಬಲವಂತವಾಗಿ ಎಳೆದುಕೊಂಡು ಹೋದಾಗ ಡಾಕ್ಟರಮ್ಮ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಖ ಗಂಭೀರ ಮಾಡಿಕೊಂಡರು.

"ಮೇಲಿನದೂ ಜಾಸ್ತಿ ಇದೆ, ಕೆಳಗಿನದೂ ಜಾಸ್ತಿ ಇದೆ."

"ಯಾವ ಮಹಡೀಲಿ?" ಅಭ್ಯಾಸಬಲದಿಂದ ರಾಯರ ಬಾಯಿಗೆ ಬಂದದ್ದು ಇದೇ.

"ರಕ್ತದೊತ್ತಡ ರೀ, ರಕ್ತದೊತ್ತಡ" ಎಂದಳು ಹೆಂಡತಿ. "ಮನೇಲಿರೋ ಒತ್ತಡ ಎಲ್ಲಾ ಇವರದ್ದೇ ಡಾಕ್ಟ್ರೇ. ಈಗ ರಕ್ತಕ್ಕೂ ಇಳಿದಿದೆ."

ಡಾಕ್ಟರಮ್ಮ ಬರೆಯುತ್ತ ಬರೆಯುತ್ತ ಹೇಳಿದರು. "ಇದು ಮೈಯಲ್ಲಿ ಹೆಚ್ಚಾಗಿರೋ ಉಪ್ಪು, ನೀರು ಹೊರಗೆ ಹಾಕೋ ಮಾತ್ರೆ. ಬೆಳಗ್ಗೆ ತಿಂಡಿ ಆದ್ಮೇಲೆ ಒಂದು. ಊಟದಲ್ಲೂ ಉಪ್ಪು ಕಡಿಮೆ ಮಾಡಿ. ಸಾಯಂಕಾಲ ತಗೊಂಡ್ರೆ ರಾತ್ರಿಯೆಲ್ಲ ಎದ್ದೆದ್ದು ಓಡಬೇಕಾಗುತ್ತೆ. ಒಂದು ದಿನ ಮರೆತರೆ ಮರೆತದ್ದು, ಮಾರನೇ ದಿನ ಎರಡು ನುಂಗಬೇಡಿ. ಕೂತಲ್ಲಿಂದ ದಡಕ್ಕನೆ ಏಳಬೇಡಿ, ತಲೆ ತಿರುಗುತ್ತೆ. ವಾಂತಿಭೇದಿ ಆದ್ರೆ, ಮೀನಖಂಡ ಹಿಡ್ಕೊಂಡ್ರೆ ಬಂದು ತೋರಿಸಿ. ಮೈಕೈ ನೋವಿಗೆ ಅಂತ ಅಂಗಡಿ ಮಾತ್ರೆ ನುಂಗೋ ಮೊದಲು ನನ್ನನ್ನ ಕೇಳಿ. ಕೆಲವು ವಾರ ಬಿಟ್ಟು ರಕ್ತ ಪರೀಕ್ಷೆ. ಮುಖ್ಯವಾಗಿ, ಸರಿಹೋಯ್ತು ಅಂತ ನೀವಾಗೇ ಬಿಡಬೇಡಿ."

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ತಪ್ಪು ಮಾಡುವುದು ಸುಲಭವಲ್ಲ. ಅದಕ್ಕೆ ಗಂಡ ಹೆಂಡತಿ ಇಬ್ಬರೂ ಸೇರಿ ದುಡಿಯಬೇಕಾಯಿತು.

ಮೊದಲ ಪೆಟ್ಟು ಬಿದ್ದದ್ದು ರಾಯರ ಮಾನಕ್ಕೆ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರ ಇದ್ದದ್ದು ಮುಂದಿನ ಕೋಣೆಯಲ್ಲಿ, ಬಾತ್‌ರೂಮಿನ ಬಾಗಿಲು ಸರಿಯಾಗಿ ಅದರ ಎದುರಿಗೆ. (ಆ ಮನೆ ಕಟ್ಟಿದ ಪುಣ್ಯಾತ್ಮನಿಗೆ ಯಾವ ಒತ್ತಡವೂ ಇರಲಿಲ್ಲವೆಂದು ಕಾಣುತ್ತದೆ.) ಅಳತೆ ಕೊಡಲು ಬಂದವರು, ಹೊಲಿದದ್ದು ಬಿಗಿಯಾಯಿತೆಂದು ಜಗಳಕ್ಕೆ ಬಂದವರು, ಸುಮ್ಮನೆ ಬಂದವರು ಎಲ್ಲರೂ ಅಲ್ಲೇ ಕೂರುತ್ತಿದ್ದರು. ರಜೆಯ ದಿನ ರಾಯರು ಅವರ ನಡುವೆ ಹಾದು ಒಳಗೆ ಹೋಗಬೇಕು, ಹೊರಗೆ ಬರಬೇಕು, ಕೂತ ಜಾಗ ಬಿಸಿಯಾಗುವ ಮುಂಚೆ ಮತ್ತೆ ಹೋಗಬೇಕು.

ಹೆಂಡತಿ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಅರ್ಥ ಬಿಡಿಸಿ ಹೇಳುತ್ತಿದ್ದಳು. "ನಮ್ಮೋರಿಗೆ ನೀರಿನ ಮಾತ್ರೆ ಕೊಟ್ಟಿದಾರೆ. ಅದಕ್ಕೇ ಹೀಗೆ."

"ಹೌದಾ? ನಾನು ಇನ್ನೇನೋ ಅಂದ್ಕೊಂಡಿದ್ದೆ" ಎಂದರು ಪಕ್ಕದ ಮನೆಯ ಟೀಚರಮ್ಮ. ರಾಯರು ಹೊರಬಂದಾಗ ವಿದ್ಯಾರ್ಥಿಯನ್ನು ವಿಚಾರಿಸುವ ದನಿಯಲ್ಲಿ, "ಸಲೀಸಾಗಿ ಆಗ್ತಿದೆಯಾ?" ಎಂದು ಕೇಳಿಯೂ ಬಿಟ್ಟರು.

ಅಂದು ಸಂಜೆ ರಾಯರ ಸಹನೆಯ ಕಟ್ಟೆ ಒಡೆಯಿತು.

"ಬೀದಿಗೆಲ್ಲ ಡಂಗುರ ಹೊಡೆದ್ಯಲ್ಲೇ! ಇನ್ನು ಒಂದು ಬೋರ್ಡ್ ಬರೆಸಿ ಬಾಗಿಲಿಗೆ ತೂಗುಹಾಕು!"

"ಬೋರ್ಡ್ ಯಾಕೆ? ನೀವು ಓಡೋದು ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ."

"ಊಟಕ್ಕೆ ಉಪ್ಪಿಲ್ಲ, ಹೊರಗೆ ಮುಖ ಎತ್ತಿ ನಡೆಯೋ ಹಾಗಿಲ್ಲ. ಈ ಮಾತ್ರೆ ಇವತ್ತಿಗೆ ಬಿಟ್ಟೆ. ಇನ್ನು ಜನ್ಮದಲ್ಲಿ ಮುಟ್ಟಲ್ಲ."

"ನೀವು ಬಿಟ್ಟದ್ದು ಒಂದಾ ಎರಡಾ. ನನ್ನ ಜೊತೆ ನೆಟ್ಟಗೆ ಮಾತಾಡೋದು ಬಿಟ್ಟು ಎಷ್ಟು ಕಾಲ ಆಯ್ತು, ಅದನ್ನ ಯಾವ ಡಾಕ್ಟ್ರಿಗೆ ಹೇಳ್ಲಿ?"

ರಾಯರು ಮಾತ್ರೆಯ ಹಾಳೆಯನ್ನು ಬೆರಳ ತುದಿಯಲ್ಲಿ ಹಿಡಿದು, ಹೆಂಡತಿಗೆ ಚೆನ್ನಾಗಿ ಕಾಣುವಂತೆ ಕಸದ ಬುಟ್ಟಿಗೆ ಎಸೆದರು. ಎಸೆದ ಗತ್ತು ಭರ್ಜರಿಯಾಗಿತ್ತು. ಆದರೆ ಹಾಸಿಗೆಗೆ ಬಂದು ಮಲಗಿದ ಮೇಲೆ "ನೀವಾಗೇ ಬಿಡಬೇಡಿ" ಎಂಬ ಡಾಕ್ಟರಮ್ಮನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟತೊಡಗಿತು. ಒತ್ತಡ ಏರಿ ಸ್ಟೂಲಿನಿಂದ ಉರುಳಿಬಿದ್ದರೆ? ಯಜಮಾನರು ಅದೇ ನೆಪ ಮಾಡಿದರೆ? ಬುಟ್ಟಿಯಿಂದ ಹೆಕ್ಕಿಕೊಳ್ಳೋಣವೆಂದರೆ ಹೆಂಡತಿಯ ಕಣ್ಣು ತಪ್ಪಿಸುವಂತಿಲ್ಲ. ಬೆಳಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಔಷಧಿ ಅಂಗಡಿಯಲ್ಲಿ ಚೀಟಿ ತೋರಿಸಿ ಇನ್ನೊಂದು ಹಾಳೆ ಕೊಂಡರು. ಹಿಡಿಕೆ ಒರೆಸುವ ಬಟ್ಟೆ ಇಡುತ್ತಿದ್ದ ತಗಡಿನ ಡಬ್ಬಿ ಸ್ಟೂಲಿನ ಕೆಳಗಿತ್ತು. ಮಾತ್ರೆ ಅದರೊಳಗೆ ಸೇರಿತು. ದಿನಾ ಬೆಳಗ್ಗೆ ಮೊದಲ ಜನ ಬರುವ ಮುಂಚೆ, ಜಾಲರಿ ಎಳೆದುಕೊಂಡು, ಕಳ್ಳನಂತೆ ಒಂದು ನುಂಗುತ್ತಿದ್ದರು. ಮನೆಯಲ್ಲಿ ವೀರ, ಲಿಫ್ಟಿನಲ್ಲಿ ರೋಗಿ.

ಇದಾದ ಮಾರನೆಯ ದಿನದಿಂದಲೇ ಮನೆಯ ಚಹಾ ಕಹಿಯಾಯಿತು.

"ಇದೇನೇ, ಚಹಾ ಇಷ್ಟು ಕಹಿ?"

"ಚಹಾ ಸರಿಯಾಗೇ ಇದೆ. ಕಹಿ ಇರೋದು ನಿಮ್ಮ ಬಾಯಲ್ಲಿ."

"ಸಕ್ಕರೆ ಹಾಕಿದ್ಯೋ ಇಲ್ವೋ?"

"ಹಾಕಿದೀನಿ. ಇಷ್ಟು ವರ್ಷದಿಂದ ಹಾಕ್ತಾನೇ ಇದೀನಿ, ನಿಮಗೆ ಹತ್ತಿದ್ದು ಕಾಣೆ."

ಉಪ್ಪು ಹೋಯಿತು, ಈಗ ಸಕ್ಕರೆಯೂ ಹೋಯಿತು ಎಂದುಕೊಂಡು ರಾಯರು ಕಣ್ಣು ಮುಚ್ಚಿ ಕುಡಿದುಬಿಡುತ್ತಿದ್ದರು. ಕುಡಿಯದೆ ಬಿಟ್ಟರೆ ಅವಳು ಗೆದ್ದಂತಾಗುತ್ತದೆ. ಅವರು ಲೋಟ ಕೆಳಗಿಡುವ ತನಕ ಅವಳು ಎದುರಿನಿಂದ ಕದಲುತ್ತಿರಲಿಲ್ಲ. ಸೋಲಿಸಲೆಂದೇ ನಿಂತಿದ್ದಾಳೆ ಎಂದು ರಾಯರಿಗೆ ಮೈಯೆಲ್ಲ ಉರಿಯುತ್ತಿತ್ತು.

ಲಿಫ್ಟಿನಲ್ಲಿ ಅವರ ಪಾಡು ಬೇರೆ. ಆ ಕಟ್ಟಡದಲ್ಲಿ ಶೌಚಾಲಯ ಇದ್ದದ್ದು ತೀರಾ ಕೆಳಗೆ ಒಂದು, ತೀರಾ ಮೇಲೆ ಒಂದು. ನಡುವಿನ ಮಹಡಿಯವರು ಎಲ್ಲಿಗೆ ಹೋಗಬೇಕೆಂದರೂ ರಾಯರು ಮೊದಲು ತಮಗೆ ಬೇಕಾದಲ್ಲಿಗೆ ಕರೆದೊಯ್ಯತೊಡಗಿದರು.

"ನನಗೆ ಮೇಲಕ್ಕೆ ಹೋಗಬೇಕಿತ್ತು ರಾಯರೇ."

"ಯಂತ್ರ ತಪಾಸಣೆ ಸಾರ್. ಒಂದ್ಸಲ ಕೆಳಗೆ ಮುಟ್ಟಿಸಿ ಮೇಲೆ ತರಬೇಕು."

ಬಾಯಾರಿಕೆ ಶುರುವಾಯಿತು. ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ಎದ್ದರೆ ಕಣ್ಣ ಮುಂದೆ ಮಿಣುಕುಹುಳ. ಬಂದು ತೋರಿಸಿ ಎಂದು ಡಾಕ್ಟರಮ್ಮ ಹೇಳಿದ್ದು ನೆನಪಿರಲಿಲ್ಲವೆಂದಲ್ಲ. ತೋರಿಸಲು ಹೋದರೆ ಮಾತ್ರೆ ನುಂಗುತ್ತಿರುವುದನ್ನು ಹೇಳಬೇಕು. ಹೇಳಿದರೆ ಅದು ಹೆಂಡತಿಯ ಕಿವಿಗೆ ಬೀಳುತ್ತದೆ. ಮೀನಖಂಡದ ನೋವನ್ನು ತಡೆಯಬಹುದಿತ್ತು, ಅವಳ ನಗುವನ್ನು ತಡೆಯುವಂತಿರಲಿಲ್ಲ.

ಹೀಗಿರುವಾಗ ಒಂದು ಬೆಳಗ್ಗೆ ಯಜಮಾನರು ಕಟ್ಟಡ ನೋಡಲು ಬಂದರು. ಹಳೆಯ ಲಿಫ್ಟನ್ನೇ ರಿಪೇರಿ ಮಾಡಿಸಿ ಇಟ್ಟುಕೊಳ್ಳುವುದೋ, ಹೊಸದು ತರುವುದೋ ಎಂಬುದನ್ನು ತಾವೇ ಒಮ್ಮೆ ಹತ್ತಿ ನೋಡಿ ತೀರ್ಮಾನಿಸುತ್ತಾರೆ ಎಂದು ಸುದ್ದಿ. ರಾಯರು ಹಿತ್ತಾಳೆ ಹಿಡಿಕೆಯನ್ನು ಮುಖ ಕಾಣುವಷ್ಟು ಉಜ್ಜಿದ್ದರು. ಇವತ್ತು ಎಲ್ಲಿ ನಿಲ್ಲಿಸಿದರೂ ಹಣೆಗೆ ಕುಂಕುಮ ಇಟ್ಟಷ್ಟು ಕರಾರುವಾಕ್ಕಾಗಿ ನಿಲ್ಲಿಸಬೇಕು. ಸ್ಟೂಲು ಉಳಿಯುವುದು ಅದರ ಮೇಲೆ.

ಮೂರನೇ ಮಹಡಿ ದಾಟುವವರೆಗೆ ಎಲ್ಲ ಸುಸೂತ್ರ. "ಎಷ್ಟು ಕಾಲದಿಂದ ಇದೀರಿ?" ಎಂದು ಯಜಮಾನರು ಕೇಳಿದರು. ಯಜಮಾನರು ಮಾತಾಡಿಸಿದಾಗ ಕೂತೇ ಉತ್ತರ ಕೊಡುವುದು ಮರ್ಯಾದೆಯೇ? ರಾಯರು ಒಂದು ಕೈಯಲ್ಲಿ ಹಿಡಿಕೆ ಹಿಡಿದುಕೊಂಡೇ ದಡಕ್ಕನೆ ಎದ್ದು ನಿಂತರು.

ಲಿಫ್ಟ್ ಮೇಲೆ ಹೋಗುತ್ತಿತ್ತು, ರಾಯರು ಕೆಳಗೆ ಬಂದರು. ಕೈ ಜಾರಿತು, ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತಿತು, ಜಾಲರಿಯ ಆಚೆ ಬರೀ ಗೋಡೆ. ಕಣ್ಣು ಬಿಟ್ಟಾಗ ಅವರು ನೆಲದ ಮೇಲಿದ್ದರು. ಉರುಳಿದ ಸ್ಟೂಲು, ಬಾಯಿ ತೆರೆದ ತಗಡಿನ ಡಬ್ಬಿ, ಅದರಿಂದ ಜಾರಿಬಂದು ಯಜಮಾನರ ಬೂಟಿನ ಹತ್ತಿರ ಬಿದ್ದ ಮಾತ್ರೆಯ ಹಾಳೆ. ಯಜಮಾನರು ಕರವಸ್ತ್ರದಲ್ಲಿ ಗಾಳಿ ಬೀಸುತ್ತಿದ್ದರು.

"ಏಳಬೇಡಿ, ಏಳಬೇಡಿ. ಇದನ್ನ ಕೆಳಗೆ ಇಳಿಸೋದು ಹೇಗೆ?"

ರಾಯರಿಗೆ ಏಳಲು ಆಗುತ್ತಿರಲಿಲ್ಲ. ಅದೂ ಅಲ್ಲದೆ ಆ ಹೊತ್ತಿಗೆ ಸರಿಯಾಗಿ ಮಾತ್ರೆ ತನ್ನ ಕೆಲಸಕ್ಕೆ ನಿಂತಿತ್ತು. ಕೆಳಗಿನ ಶೌಚಾಲಯ ಮುಟ್ಟದೆ ಗತಿಯಿರಲಿಲ್ಲ. ಜೀವಮಾನವಿಡೀ ಯಾರಿಗೂ ಹೇಳಿಕೊಡದ ಮಹಾವಿದ್ಯೆಯನ್ನು ಅವರು ಅಂಗಾತ ಮಲಗಿ, ಹಲ್ಲು ಕಚ್ಚಿಕೊಂಡು ಹೇಳಿಕೊಟ್ಟರು.

"ಎಡಕ್ಕೆ ತಿರುಗಿಸಿ ಹಿಡ್ಕೊಳ್ಳಿ ಸಾರ್. ತೀರಾ ಕೆಳಗಿನ ಬಾಗಿಲು ಬಂದ ತಕ್ಷಣ ಬಿಟ್ಬಿಡಿ."

ಯಜಮಾನರು ಎಡಕ್ಕೆ ತಿರುಗಿಸಿದರು, ಲಿಫ್ಟ್ ಇಳಿಯಿತು. ಬಾಗಿಲು ಬಂತು, ಬಿಟ್ಟರು, ನಿಂತಿತು. ನೆಲ ಒಂದು ಗೇಣು ಮೇಲೇ ನಿಂತಿದ್ದನ್ನು ರಾಯರು ಬಿದ್ದಲ್ಲಿಂದಲೇ ಗಮನಿಸಿದರು. ಓಡಿಬಂದವರು ಆ ಗೇಣನ್ನು ಗಮನಿಸಲೇ ಇಲ್ಲ; ಕಾಲು ಸ್ವಲ್ಪ ಎತ್ತಿಟ್ಟು ಒಳಗೆ ಬಂದರು.

ಯಜಮಾನರು ಹಿಡಿಕೆಯನ್ನು ಒಮ್ಮೆ, ರಾಯರನ್ನು ಒಮ್ಮೆ ನೋಡಿ, ಕೆಟ್ಟ ಉದ್ದೇಶವೇನೂ ಇಲ್ಲದೆ ಕೇಳಿದರು. "ಇಷ್ಟೇನಾ?"

ರಾಯರಿಗೆ ಪೆಟ್ಟಾದದ್ದು ಬಿದ್ದಾಗಲ್ಲ, ಆಗ.

ಡಾಕ್ಟರಮ್ಮ ಮತ್ತೆ ಪಟ್ಟಿ ಸುತ್ತಿದರು. ಸುದ್ದಿ ತಿಳಿದು ಹೆಂಡತಿ ಹೆಗಲ ಮೇಲೆ ಅಳತೆಯ ಟೇಪು ಹಾಕಿಕೊಂಡೇ ಓಡಿಬಂದಿದ್ದಳು.

"ಒತ್ತಡ ತೀರಾ ಇಳಿದುಹೋಗಿದೆ. ಮಾತ್ರೆ ಹೇಗೆ ತಗೊಳ್ತಿದೀರಿ?"

ಹೆಂಡತಿ ಪಕ್ಕದಲ್ಲೇ ಇದ್ದಳು. ಮಲಗಿದ್ದರೂ ರಾಯರ ಹಟ ಎದ್ದು ಕೂತಿತು. "ಮಾತ್ರೆನಾ? ಅದನ್ನ ಆವತ್ತೇ ಬಿಟ್ಟೆ."

"ಸುಳ್ಳು ಡಾಕ್ಟ್ರೇ. ದಿನಾ ತಗೊಳ್ತಿದಾರೆ" ಎಂದಳು ಹೆಂಡತಿ.

ರಾಯರು ಮಲಗಿದಲ್ಲಿಂದಲೇ ಕತ್ತೆತ್ತಿದರು. "ಡಬ್ಬಿ ವಿಷಯ ನಿನಗೆ ಯಾರೇ ಹೇಳಿದ್ದು?"

"ಯಾವ ಡಬ್ಬಿ?"

"ಮತ್ತೆ ತಗೊಳ್ತಿದೀನಿ ಅಂತ ನಿನಗೆ ಹೇಗೆ ಗೊತ್ತು?"

"ಕೊಡ್ತಿರೋಳು ನಾನೇ, ಗೊತ್ತಿರಲ್ವಾ? ಬುಟ್ಟಿಯಿಂದ ಎತ್ಕೊಂಡು, ದಿನಾ ಒಂದು ಪುಡಿ ಮಾಡಿ ಚಹಾಕ್ಕೆ ಹಾಕ್ತಿದೀನಿ." ಹೇಳಿ ಮುಗಿಸಿದ ಮೇಲೆ ಅವಳಿಗೂ ಹೊಳೆಯಿತು. "ಅಯ್ಯೋ, ನೀವೂ ನುಂಗ್ತಿದ್ರಾ?"

ಡಾಕ್ಟರಮ್ಮ ಇಬ್ಬರನ್ನೂ ನೋಡಿದರು. "ನೀವಿಬ್ಬರೂ ಇರೋದು ಒಂದೇ ಮನೇಲಿ ತಾನೇ?"

ರಾಯರು ಗೋಡೆಯ ಕಡೆ ಹೊರಳಿದರು, ಹೆಂಡತಿ ಹೆಗಲ ಮೇಲಿನ ಟೇಪು ಸರಿಮಾಡಿಕೊಂಡಳು.

"ಒಬ್ಬರಿಗೆ ತಿಳಿಯದ ಹಾಗೆ ಅವರ ಹೊಟ್ಟೆಗೆ ಏನಾದ್ರೂ ಹಾಕೋದು ಔಷಧ ಕೊಡೋದಲ್ಲಮ್ಮ, ಅದಕ್ಕೆ ಬೇರೆ ಹೆಸರಿದೆ. ನೀವೂ ಅಷ್ಟೆ ರಾಯರೇ, ಕದ್ದು ನುಂಗೋಕೆ ಇದೇನು ಬೆಲ್ಲಾನಾ? ಇಬ್ಬರೂ ಸೇರಿ ಮೈಯಲ್ಲಿದ್ದ ನೀರು, ಉಪ್ಪು, ಸಾರ ಎಲ್ಲಾ ಬಸಿದುಹಾಕಿದೀರಿ. ಇವತ್ತು ಇಲ್ಲೇ ಇರಿ. ರಕ್ತ ಪರೀಕ್ಷೆ ನೋಡಿ, ಮತ್ತೆ ಯಾವಾಗ ಶುರು ಮಾಡಬೇಕು ಅಂತ ನಾನು ಹೇಳ್ತೀನಿ. ಅಲ್ಲಿವರೆಗೆ ಒಂದೂ ಬೇಡ. ಆಮೇಲೆ ಒಂದೇ ಹಾಳೆ, ಒಂದೇ ಕೈ."

ಡಾಕ್ಟರಮ್ಮ ಹೊರಗೆ ಹೋದ ಮೇಲೆ ರಾಯರು ಸೂರು ನೋಡುತ್ತ ಹೇಳಿದರು. "ಒಂದು ಮಾತು ಹೇಳಬಹುದಿತ್ತು ನೀನು."

"ನೀವು ಹೇಳಿದ್ರಾ?"

"ಹೇಳಿದ್ರೆ ನಗ್ತಿದ್ದೆ."

"ನಗ್ತಿದ್ದೆ" ಎಂದು ಒಪ್ಪಿಕೊಂಡಳು. ಟೇಪನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. "ಸಾಯ್ಲಿ ಅಂತ ಬಿಡೋಕಾಗುತ್ತಾ? ನಗೋದಕ್ಕಾದ್ರೂ ಒಬ್ಬರು ಬೇಕಲ್ಲ." ಅದರಲ್ಲಿ ಪ್ರೀತಿ ಇತ್ತೋ, ಬರೀ ಲೆಕ್ಕಾಚಾರವಿತ್ತೋ, ರಾಯರಿಗೆ ತಿಳಿಯಲಿಲ್ಲ. ಕೇಳಿ ತಿಳಿದುಕೊಳ್ಳುವ ಅಭ್ಯಾಸ ಇಬ್ಬರಿಗೂ ತಪ್ಪಿಹೋಗಿತ್ತು.

ಚೇತರಿಸಿಕೊಂಡು ಕೆಲಸಕ್ಕೆ ಹೋದ ದಿನ ಯಜಮಾನರು ಕರೆಸಿದರು. ಹೊಸ ಲಿಫ್ಟಿಗೆ ಹೇಳಿಯಾಗಿತ್ತು. ಅದು ಬರುವವರೆಗೆ ಹಳೆಯದನ್ನು ಹತ್ತಿದವರೇ ನಡೆಸಿಕೊಳ್ಳುತ್ತಿದ್ದರು. ಅಲ್ಲೊಂದು ಗೇಣು, ಇಲ್ಲೊಂದು ಗೇಣು, ಗ್ರಹಣವೇನೂ ಹಿಡಿದಿರಲಿಲ್ಲ.

"ಹಾಗಂತ ನಿಮ್ಮ ಕೈಬಿಡಲ್ಲ ರಾಯರೇ" ಎಂದರು ಯಜಮಾನರು ಕರುಣೆಯಿಂದ. "ಕೆಳಗಿನ ಶೌಚಾಲಯದ ಬೀಗದಕೈ ಇಟ್ಕೊಂಡು ಕೂರೋಕೆ ಒಬ್ಬರು ಬೇಕು. ಸ್ಟೂಲು ನಿಮ್ಮದೇ ತಗೊಳ್ಳಿ. ನಿಮ್ಮ ಆರೋಗ್ಯಕ್ಕೂ ಹತ್ತಿರ."

ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರಮ್ಮ ಪಟ್ಟಿ ಬಿಚ್ಚುತ್ತ ಮೊದಲ ಬಾರಿಗೆ ನಕ್ಕರು. "ಮೇಲಿನದೂ ಸರಿಯಾಗಿದೆ, ಕೆಳಗಿನದೂ ಸರಿಯಾಗಿದೆ. ಏನು ಮಾಡಿದ್ರಿ?"

"ಏನೂ ಇಲ್ಲ ಡಾಕ್ಟ್ರೇ" ಎಂದರು ರಾಯರು. "ಮೇಲೂ ಹೋಗ್ತಿಲ್ಲ, ಕೆಳಗೂ ಹೋಗ್ತಿಲ್ಲ."

ಈಗ ಬೆಳಗ್ಗೆ ತಿಂಡಿಯಾದ ಮೇಲೆ ಹೆಂಡತಿ ಅಂಗೈ ಚಾಚಿ ಎಲ್ಲರ ಎದುರಿಗೇ ಮಾತ್ರೆ ಕೊಡುತ್ತಾಳೆ. ಟೀಚರಮ್ಮ ಇದ್ದರೆ ಅವರ ಎದುರಿಗೂ. ರಾಯರು ನುಂಗಿ, ನಾಲಗೆ ಎತ್ತಿ ತೋರಿಸಿ, ನಿಧಾನವಾಗಿ ಗೋಡೆ ಹಿಡಿದು ಏಳುತ್ತಾರೆ. ಆಮೇಲೆ ಚಹಾ. ಮೊದಲ ದಿನ ಒಂದು ಗುಟುಕು ಕುಡಿದು ಮುಖ ಕಿವುಚಿಕೊಂಡರು.

"ಇವತ್ತು ಏನೂ ಹಾಕಿಲ್ಲ ರೀ. ಸಕ್ಕರೆ ಒಂದು ಚಮಚ ಜಾಸ್ತೀನೇ ಹಾಕಿದೀನಿ. ಇನ್ನೂ ಕಹಿಯಾ?"

ರಾಯರು ಲೋಟದೊಳಗೆ ನೋಡಿದರು, ಜೇಬಿನಲ್ಲಿದ್ದ ಬೀಗದಕೈ ಮುಟ್ಟಿ ನೋಡಿಕೊಂಡರು. ಕಹಿ ಇದ್ದದ್ದು ಬಾಯಲ್ಲಿ. ಅವಳು ಹೇಳಿದ್ದು ಕೊನೆಗೂ ನಿಜವಾಗಿತ್ತು. ಆದರೆ ಅದನ್ನು ಅವಳಿಗೆ ಹೇಳುವುದುಂಟೇ?

"ಸಕ್ಕರೆ ಜಾಸ್ತಿಯಾಯ್ತು" ಎಂದರು.